ಅಪ್ಪ ತಂದ ಕೊನೆಯ ಪದ

ಹಾಲು ಉಕ್ಕಿ ಸೀದ ವಾಸನೆ ಬಂದರೆ ಈಗಲೂ ನನಗೆ ಅಮೆರಿಕದ ಪ್ಲೇನೋ ಊರಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ ಫೋನ್ ಕಂಪನಿಯೊಂದರಲ್ಲಿ ಫೋನಿನ ಪರದೆಯಲ್ಲಿ ಬರುವ ಯುರೋಪಿನ ಭಾಷೆಗಳ ಮೆನುಗಳನ್ನು ಪರೀಕ್ಷಿಸುತ್ತಿದ್ದರು. ದಿನಾ ಸಂಜೆ ನನಗೊಂದು ಹೊಸ ಪದ ತರುತ್ತಿದ್ದರು. ಅಂದು ಮೂರು ಗಂಟೆಗೇ ಬಂದರು, ಕೈಯಲ್ಲಿ ಆಫೀಸಿನ ಸಾಮಾನು ತುಂಬಿದ ರಟ್ಟಿನ ಡಬ್ಬ.

“ಟುಡೇಸ್ ವರ್ಡ್, ಅಪ್ಪಾ?” ಎಂದೆ.

ಅವರು ಶೂ ಕೂಡ ಬಿಚ್ಚದೆ ಕೂತರು. “ತಾಕ್. ಪೋಲೆಂಡಲ್ಲಿ ಹೌದು ಅಂತ. ಡೆನ್ಮಾರ್ಕಲ್ಲಿ ಥ್ಯಾಂಕ್ಸ್. ಸ್ವೀಡನ್ನಲ್ಲಿ ಮನೆ ಸೂರು, ಪುಟ್ಟಿ.”

ಒಂದೇ ಪದಕ್ಕೆ ಅಷ್ಟೊಂದು ಅರ್ಥವೇ ಎಂದು ನಾನು ನಕ್ಕೆ. ಒಲೆಯ ಮುಂದಿದ್ದ ಅಮ್ಮ ಆ ಡಬ್ಬವನ್ನೇ ನೋಡುತ್ತಿದ್ದಳು.

“ಏನಂದ್ರು?”

“ನಾಳೆಯಿಂದ ಬರ್ಬೇಡಿ, ಸೈನ್ ಮಾಡಿ ಅಂದ್ರು. ಮಾಡ್ದೆ. ಥ್ಯಾಂಕ್ಸ್ ಬೇರೆ ಹೇಳ್ಬಿಟ್ಟೆ ಕಣೇ.”

“ವೀಸಾ? ಈ ಮನೆ?”

ಅಮ್ಮನ ಬೆನ್ನ ಹಿಂದೆ ಹಾಲು ಉಕ್ಕಿ ಕರೆಂಟ್ ಒಲೆಯ ಕಾದ ಸುರುಳಿಯ ಮೇಲೆ ಚುರ್ರೆಂದಿತು. ಹೊಗೆ ಎದ್ದು ಸೂರಿನಲ್ಲಿದ್ದ ಅಲಾರಂ ಕಿರುಚತೊಡಗಿತು.

ಗೃಹಪ್ರವೇಶದ ದಿನವೂ ಅಮ್ಮ ಇದೇ ಒಲೆಯ ಮೇಲೆ ಹಾಲು ಉಕ್ಕಿಸಿದ್ದಳು. ಅಲಾರಂ ಹೀಗೇ ಕಿರುಚಿತ್ತು. ಅಂಕಲ್, ಆಂಟಿಯರೆಲ್ಲ ನಕ್ಕು ಚಪ್ಪಾಳೆ ತಟ್ಟಿದ್ದರು, ಅಪ್ಪ ಕುರ್ಚಿ ಹತ್ತಿ ಅದನ್ನು ನಿಲ್ಲಿಸಿದ್ದರು.

ಈ ಸಲ ಯಾರೂ ಏಳಲಿಲ್ಲ.