ಶಿಕ್ಷಾ ಉತ್ಸವ

ಶಾಲೆಯ ಗೇಟಿಗೆ ಕಟ್ಟಿದ್ದ ಬ್ಯಾನರನ್ನು ಶೈಲಾ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು: ‘ಶಿಕ್ಷಾ ಉತ್ಸವ’. ಮನೆಯ ಕನ್ನಡದಲ್ಲಿ ಶಿಕ್ಷಾ ಎಂದರೆ ದಂಡನೆ. ಪುಣೆಯ ಬೀದಿಯಲ್ಲಿ ಕಲಿತ ಮರಾಠಿಯಲ್ಲೂ ಅದೇ. ಅದಕ್ಕೊಂದು ಉತ್ಸವವೇ? ಬಲೂನು ಬೇರೆ ಕಟ್ಟಿದ್ದಾರೆ! ಒಳಗೆ ಕಾಲಿಟ್ಟವಳಿಗೆ ಅದು ಶಿಕ್ಷೆಯೇ ಎಂಬುದು ಖಾತ್ರಿಯಾಯಿತು. ಸಭಾಂಗಣದ ಬಾಗಿಲ ಹೊರಗೆ, ಮಾರ್ಚ್ ತಿಂಗಳ ಬಿಸಿಲಲ್ಲಿ, ರಾಶಿ ಚಪ್ಪಲಿಗಳ ನಡುವೆ ಅವಳ ಮಗಳು ನಿಂತಿದ್ದಳು. ಏಳನೇ ಕ್ಲಾಸಿನ ಬೋರಮ್ಮ.

“ಏನ್ ಮಾಡಿದ್ಯವ್ವಾ? ಯಾಕ ಹೊರಗ ನಿಂದರಿಸ್ಯಾರ?”

“ಏನೂ ಮಾಡಿಲ್ಲಬೇ. ನಂದು ಚಪ್ಪಲ್ ಡ್ಯೂಟಿ. ನಮ್ಮಂಥಾ ಫುಕಟ ಸೀಟಿನವ್ರಿಗೆಲ್ಲಾ ಹೊರಗಿನ ಡ್ಯೂಟಿನ.”

ಕಾನೂನಿಗೆ ಅಂಜಿ ಶಾಲೆಯವರು ಬಡವರ ಮಕ್ಕಳಿಗೆ ಕೊಟ್ಟ ಫೀಸಿಲ್ಲದ ಸೀಟು ಅದು. ವರ್ಷವೆಲ್ಲ ಕಲಿತದ್ದನ್ನು ಮಕ್ಕಳು ತೋರಿಸುತ್ತಾರೆ ಎಂದು ಮಗಳು ಹೇಳಿದ್ದಳೆಂದೇ ಶೈಲಾ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಳು. ಕುಂದಾಪುರದ ಕಡೆಯ ಜ್ಯೋತ್ಸ್ನಾ ಟೀಚರ್ ಹೊರಗೆ ಬಂದದ್ದೇ ತಡ, ಶೈಲಾ ಕೈಮುಗಿದಳು.

“ಬಾಯಾರ, ನನ್ನ ಮಗಳು ಏನ್ ತಪ್ಪ ಮಾಡ್ಯಾಳ್ರಿ? ಶಿಕ್ಷಾ ಯಾಕ್ರಿ?”

ಟೀಚರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಮಾರಾಯ್ರೆ, ಅದು ಹಿಂದಿ! ಹಿಂದಿಯಲ್ಲಿ ಶಿಕ್ಷಾ ಅಂದ್ರೆ ವಿದ್ಯೆ. ಒಳಗೆ ಹೋಗಿ ನೋಡಿ, ಒಂದೊಂದು ಸಬ್ಜೆಕ್ಟಿಗೆ ಒಂದೊಂದು ಟೇಬಲ್ ಉಂಟು.”

ಶೈಲಾ ಹೋದಳು. ವಿಜ್ಞಾನದ ಟೇಬಲಿನಲ್ಲಿ ಹುಡುಗನೊಬ್ಬ ಬಲೂನನ್ನು ತಲೆಗೆ ಉಜ್ಜಿ ಕಾಗದದ ಚೂರು ಎಳೆಯುತ್ತಿದ್ದ. ಭೂಗೋಳದಲ್ಲಿ ಗ್ಲೋಬಿಗೆ ಟಾರ್ಚು ಬಿಟ್ಟು, ಈಗ ಹಗಲೂ ರಾತ್ರಿಯೂ ಸರಿಸಮ ಎನ್ನುತ್ತಿದ್ದರು. ಗಣಿತದ ಮಕ್ಕಳು ಯಾರಿಗೆ ಯಾವ ಐಸ್‌ಕ್ರೀಮ್ ಇಷ್ಟ ಎಂದು ಬಣ್ಣಬಣ್ಣದ ಕಂಬದ ಚಿತ್ರ ಬರೆದಿದ್ದರು. ನಾಗರಿಕಶಾಸ್ತ್ರದವರು ಥರ್ಮಾಕೋಲಿನ ಸಂವಿಧಾನ ಮಾಡಿದ್ದರು. ಎಲ್ಲರೂ ಸಮಾನರು ಎಂಬುದನ್ನು ಹುಡುಗಿಯೊಬ್ಬಳು ಉಸಿರು ಬಿಡದೆ ಒಪ್ಪಿಸಿದಳು, ಅವಳಪ್ಪ ಮೊಬೈಲಿನಲ್ಲಿ ಹಿಡಿದುಕೊಂಡ. ಶೈಲಾ ಒಂದು ಸುತ್ತು ಹಾಕಿ ಹೊರಗೆ ಬಂದಳು.

“ಬೋರಮ್ಮಂದು ಯಾವ ಟೇಬಲ್ರಿ?”

ಈಗ ಟೀಚರ್ ನಗಲಿಲ್ಲ. “ಟೇಬಲ್ ಕಡಿಮೆ ಬಿತ್ತು... ಮೇಲಿನವರು ಹೇಳಿದ್ದು. ನಿಮ್ಮ ಹುಡುಗಿ ಹುಷಾರಿ, ಇಲ್ಲ ಅನ್ನುವುದಿಲ್ಲ. ಆದ್ರೆ ಎಂತ ಹೇಳಿದ್ರೂ ಯಾಕೆ, ಯಾಕೆ ಅಂತ ಕೇಳಿ ಎಲ್ಲರಿಗೂ ಬೋರ್ ಹೊಡೆಸ್ತಾಳೆ.”

“ನಮ್ಮ ಇಂಡಿ ಕಡೆ ಬೋರ್ ಹೊಡಸಿದ್ರ ನೀರ ಬೀಳ್ತದ್ರಿ, ಬಾಯಾರ.” ಶೈಲಾಳ ದನಿ ಏರಲಿಲ್ಲ. “ಅಂದ್ರ, ಒಳಗಿನ ಮಕ್ಕಳಿಗೆ ಹಿಂದಿ ಶಿಕ್ಷಾ. ನನ್ನ ಮಗಳಿಗೆ ಕನ್ನಡದ್ದು. ಹೌದಲ್ರಿ?”

ಶೈಲಾ ಮಗಳ ರಟ್ಟೆ ಹಿಡಿದಳು. “ನಡಿ ಮನಿಗೆ.”

“ತಡಿಬೇ, ನಾ ಇನ್ನೂ ನೋಡೂದು ಮುಗದಿಲ್ಲ.” ಬೋರಮ್ಮ ಕೈ ಬಿಡಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತಳು. ಆಗಲೇ ಶೈಲಾಳಿಗೆ ಕಂಡದ್ದು: ಚಪ್ಪಲಿ, ಬೂಟುಗಳೆಲ್ಲ ಬೋರಲಾಗಿ ಮಲಗಿವೆ, ಅಟ್ಟೆ ಮೇಲಾಗಿ, ಉದ್ದುದ್ದ ಸಾಲುಗಳಲ್ಲಿ. ಒಂದು ಸಾಲು ಉದ್ದ, ಒಂದು ಗಿಡ್ಡ, ಥೇಟ್ ಒಳಗಿನ ಐಸ್‌ಕ್ರೀಮಿನ ಕಂಬಗಳ ಹಾಗೆ.

“ಇವು ಬಲಗಾಲಿಂದು ಹೆಚ್ಚ ಸವದಿದ್ದು, ಇವು ಎಡಗಾಲಿಂದು. ತಿಕ್ಕಿದ್ರ ಸವೀತದ ಅಂತ ಸೈನ್ಸಿನಾಗ ಅದ. ಆದ್ರ ಎರಡೂ ಕಾಲು ಕೂಡೇ ನಡೀತಾವಲ್ಲ, ಒಂದ ಯಾಕ ಹೆಚ್ಚ ಸವೀತದ? ಇಲ್ನೋಡು, ಕರೀ ಎರಿಮಣ್ಣು. ಇವರು ಬಾರಾಮತಿ ಕಡಿಂದ ಬಂದಿರಬೇಕು. ಇದಕ್ಕ ಸಿಮೆಂಟ್ ಹತ್ತೇದ. ಈ ಬೂಟಿಗೆ ಮಾತ್ರ ಏನೂ ಹತ್ತಿಲ್ಲ ನೋಡಬೇ. ಇವರು ನೆಲಕ್ಕ ಕಾಲಾ ಇಡೂದಿಲ್ಲೇನು?”

“ಹುಚ್ಚಿ! ಮಂದಿ ಚಪ್ಪಲಿ ಮುಟ್ಟತಿಯಲ್ಲ!”

“ಮುಟ್ಟಾಕಂತನ ನಿಂದರಿಸ್ಯಾರಲ್ಲಬೇ.”

ಅಷ್ಟರಲ್ಲಿ ಶಾಲೆಯ ಅಧ್ಯಕ್ಷರು ಅತಿಥಿಗಳ ಹಿಂಡಿನೊಂದಿಗೆ ಹೊರಬಂದರು. ತಾವು ಬಿಟ್ಟ ಜಾಗದಲ್ಲಿ ಬೂಟು ಇಲ್ಲ. “ಕೋಣೀ ಹಾತ್ ಲಾವಲಾ?” ಯಾರು ಕೈ ಹಚ್ಚಿದ್ದು ಎಂದು ಮರಾಠಿಯಲ್ಲಿ ಗುಡುಗಿದರು. ಇದ್ದ ಸೀಟೂ ಹೋಯಿತು ಎಂದುಕೊಂಡ ಶೈಲಾ ಮಗಳಿಗೆ ಅಡ್ಡ ನಿಂತಳು. ಬೋರಮ್ಮ ತಾಯಿಯ ಪಕ್ಕದಿಂದ ನುಸುಳಿ, ಆ ಏನೂ ಹತ್ತದ ಬೂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒಳ್ಳೆ ಮರಾಠಿಯಲ್ಲಿಯೇ ಕೇಳಿದಳು: “ಸರ್, ಎಲ್ಲರದೂ ಹಿಮ್ಮಡಿ ಸವೆದಿದೆ, ನಿಮ್ಮದು ಬೆರಳ ತುದಿ ಸವೆದಿದೆ. ನೀವು ಯಾರ ಮುಂದೆ ತುದಿಗಾಲಲ್ಲಿ ನಿಲ್ಲುತ್ತೀರಿ?”

ಅತಿಥಿಗಳಲ್ಲಿ ಯಾರೋ ಕಿಸಕ್ಕೆಂದರು. ಬಯ್ಯಲು ಬಾಯಿ ತೆರೆದ ಅಧ್ಯಕ್ಷರ ಕಣ್ಣು ಅಟ್ಟೆಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಅತಿಥಿಗಳತ್ತ ತಿರುಗಿ, “ಇದೂ ನಮ್ಮ ಶಾಲೆಯದೇ ಪ್ರಯೋಗ” ಎಂದರು.

“ನಂದು ಯಾವ ಸಾಲಿನಲ್ಲಿದೆ, ಮಗಾ?” ಎಂದು ಅಜ್ಜನೊಬ್ಬ ಮುಂದೆ ಬಂದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಒಳಗೆ ಟೇಬಲುಗಳ ಮುಂದೆ ಯಾರೂ ಉಳಿಯಲಿಲ್ಲ. ಹೊರಗೆ, ಸುಡುವ ಬಿಸಿಲಲ್ಲಿ, ಇಸ್ತ್ರಿ ಬಟ್ಟೆಯ ದೊಡ್ಡ ಮನುಷ್ಯರೆಲ್ಲ ತಮ್ಮ ತಮ್ಮ ಅಟ್ಟೆ ನೋಡಿಕೊಳ್ಳುತ್ತ ಒಂಟಿಕಾಲಲ್ಲಿ ನಿಂತಿದ್ದರು.