ಕಾಳಿಲ್ಲದ ಕಲ್ಲು

ತಂಗಿ ಭಾಗೀರಥಿ ಇನ್ನಿಲ್ಲವೆಂದು ತಿಳಿದದ್ದು ನಮ್ಮ ಹೊಲಕ್ಕೆ ಆಕಾಶದಿಂದ ಕಲ್ಲು ಬಿದ್ದ ದಿನ. ಅವಳನ್ನು ಮದುವೆ ಮಾಡಿ ಕೊಟ್ಟಿದ್ದ ಕಿರುಗ್ರಹದಿಂದಲೇ ಅದು ಬಂದದ್ದೆಂದು ರೇಡಿಯೋದಲ್ಲಿ ಹೇಳಿದ್ದರು. ಹಾಗೆ ಬಿದ್ದ ಕಲ್ಲನ್ನು ಹೆಣ್ಣು ಕೊಟ್ಟ ಮನೆಯವರೇ ಗಂಧದ ಸಾಣೆಯ ಮೇಲೆ ತೇಯ್ದು ನೋಡಬೇಕು.

ಗ್ರಹದ ಮೇಲುಪದರದ ಕಲ್ಲಿನಲ್ಲಿ ರಾಗಿಯಂಥ ದುಂಡು ಕಾಳುಗಳಿರುತ್ತವೆ. ಒಳಗಿನ ಒಡಲಿನ ಕಲ್ಲು ಗ್ರಹದ ಹುಟ್ಟಿನಲ್ಲೇ ಕರಗಿ ಗಟ್ಟಿಯಾದದ್ದು; ಅದರಲ್ಲಿ ಕಾಳಿರುವುದಿಲ್ಲ. ಗ್ರಹವೇ ಒಡೆಯದೆ ಅದು ಹೊರಗೆ ಬರುವುದೂ ಇಲ್ಲ.

ನಾನು ಕಲ್ಲನ್ನು ಸಾಣೆಗೆ ಒತ್ತಿ ತೇಯತೊಡಗಿದೆ. ನೀರು ಹನಿಸುತ್ತಿದ್ದ ನೆರೆಮನೆಯ ಯಮುನಾಬಾಯಿ ಧೈರ್ಯ ಹೇಳಿದರು. "ಹೋದ ಸಲ ಕಲ್ಲು ಬಿದ್ದಾಗ ನೀವು ತೇಯದೇನೇ ಎಳ್ಳುನೀರು ಬಿಟ್ಟಿರಿ, ರಾಯರೇ. ಮಾರನೇ ದಿನ ಅವಳೇ ರೇಡಿಯೋದಲ್ಲಿ ಮಾತಾಡಿ, 'ಅಂಗಳದ ಚೂರು ಬಿದ್ದರೆ ನನ್ನನ್ನೇ ಕಳಿಸಿಬಿಡೋದೇನಣ್ಣಾ' ಅಂತ ಬೈದಳಲ್ಲ!"

ನನಗೂ ನಗು ಬಂತು. ಕರಿ ಸಿಪ್ಪೆ ಸವೆದು ಬೂದು ಬಣ್ಣ ಕಂಡಿತು.

"ಕಾಳು ಕಂಡಿತೇ?"

"ಇನ್ನೂ ಇಲ್ಲ."

"ಇನ್ನೊಂದಿಷ್ಟು ತೇಯಿರಿ."

ತೇಯ್ದೆ. ಕಲ್ಲನ್ನು ತಿರುಗಿಸಿ ಮತ್ತೊಂದು ಮಗ್ಗುಲನ್ನೂ ತೇಯ್ದೆ. ಎಲ್ಲಿ ನೋಡಿದರೂ ಒಂದೇ ನಯ, ಒಂದು ಕಾಳೂ ಇಲ್ಲ. ಯಮುನಾಬಾಯಿ ಚೊಂಬು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾರಾಯಣಾ, ಕಾಲ ಕೆಳಗಿನ ನೆಲ ಸೀಳುವಾಗ ಅವಳು ಎಷ್ಟು ಹೆದರಿದಳೋ. ಇನ್ನಾದರೂ ಹೆದರದಂತೆ ಹತ್ತಿರ ಇಟ್ಟುಕೋ. ನನ್ನ ತಂಗಿಗೆ ಶಾಂತಿ ಕೊಡು.