ಹುಳುಮನೆಯ ಕಿಟಕಿ

ನಡುರಾತ್ರಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಲು ಎದ್ದ ಜೀವರತ್ನಮ್ಮನಿಗೆ ಮೊಮ್ಮಗು ಮೆಲ್ಲಗೆ ಕೆಮ್ಮಿದ್ದು ಕೇಳಿಸಿತು. ಸೊಸೆಯ ಕೋಣೆಗೂ ಹುಳುಮನೆಗೂ ನಡುವಿನ ಕಿಟಕಿಯಲ್ಲಿ ಸೊಳ್ಳೆಬತ್ತಿ ಹೊಗೆಯಾಡುತ್ತಿತ್ತು. ತಟ್ಟೆಗಳ ತುಂಬ ಹುಳುಗಳು ತಲೆಯೆತ್ತಿ ಹಸಿರು ಕಕ್ಕುತ್ತಿದ್ದವು. ಮಾಲೂರು ಪೇಟೆಯಲ್ಲಿ ಬೆಳೆದ ಸೊಸೆ ಸಲೋಮಿಗೆ ಆ ಹೊಗೆ ಹುಳುಗಳಿಗೆ ವಿಷವೆಂದು ಯಾರೂ ಹೇಳಿರಲಿಲ್ಲ. ಅವಳು ಮಗುವನ್ನು ತಬ್ಬಿಕೊಂಡು ನಿದ್ದೆಹೋಗಿದ್ದಳು.

ಜೀವರತ್ನಮ್ಮ ಬತ್ತಿ ಆರಿಸಿ, ಬಾಗಿಲು ತೆರೆದು ಹೊಗೆಯೆಲ್ಲ ಹೋದಮೇಲೆ ಗಂಡ ದೇವದಾನಂನನ್ನು ಎಬ್ಬಿಸಿದಳು.

"ಹುಳ ಎಲ್ಲ ಹೋದ್ವು. ನಮ್ಮ ತೋಟದ ಅಂಚಿನ ಸಾಲಿನ ಸೊಪ್ಪು ಕಣ್ರಿ. ಪಕ್ಕದ ಹೊಲದ ಟೊಮೇಟೊಗೆ ಔಷಧಿ ಹೊಡೆದಿದ್ರು. ನಾನು ನೋಡದೆ ಕೊಯ್ಕೊಂಡು ಬಂದ್ಬಿಟ್ಟೆ."

"ಹುಳ ಸಾಕಿ ಸಾಕಿ ತಲೆ ಬೆಳ್ಳಗಾಯ್ತಲ್ಲೇ, ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ನಾಳಿದ್ದು ಗೂಡು ಕಟ್ಬೇಕಿತ್ತು. ಚರ್ಚಲ್ಲಿ ಮುಂದಿನ ಸಾಲಲ್ಲಿ ಕೂರೋಕೆ ಮಾತ್ರ ಏನೂ ಕಮ್ಮಿಯಿಲ್ಲ."

ಅವನು ಬೈಯುತ್ತಲೇ ಇದ್ದ. ಅವಳ ಕಿವಿ ಮಾತ್ರ ಸೊಸೆಯ ಕೋಣೆಯ ಕಡೆಗಿತ್ತು. ಎಲ್ಲಿ ಸಲೋಮಿ ಎಚ್ಚೆತ್ತು ಬತ್ತಿಯ ಮಾತೆತ್ತಿಬಿಡುವಳೋ ಎಂಬುದೊಂದೇ ಭಯ. ಯೇಸು ನಮ್ಮ ಪಾಪ ಹೊತ್ತನೆಂದು ಕೇಳಿದಾಗಲೆಲ್ಲ ಜೀವರತ್ನಮ್ಮ ತೀರಿಸಲಾಗದ ಋಣವೆಂದು ಕುಗ್ಗುತ್ತಿದ್ದಳು. ಹೊತ್ತವನಿಗೆ ಋಣದ ನೆನಪೇ ಇರಲಾರದು, ಮಲಗಿದವರ ನಿದ್ದೆ ಕೆಡದಿರಲಿ ಎಂಬುದಷ್ಟೇ ಅವನ ಚಿಂತೆಯೆಂದು ಈಗ ತಿಳಿಯಿತು. ಬೆಳಗಾದರೆ ಮಗುವಿಗೊಂದು ಸೊಳ್ಳೆಪರದೆ ತರಬೇಕು. ನಿಜ ತಿಳಿದರೆ ಸಲೋಮಿ ಜೀವನವಿಡೀ ತನ್ನೆದುರು ತಲೆತಗ್ಗಿಸಿ ನಡೆದಾಳು. ಯಾರಿಗೂ ಹೇಳುವುದಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ ಎಂದುಕೊಂಡಳು.